ಹೇರಿಸಿದವರು

ನಮ್ಮ ಅಪ್ಪ ಚಕ್ಕಡಿ ಹೇರುವುದನ್ನು ನೀವು ನೋಡಬೇಕಿತ್ತು. ಹಾನಗಲ್ ತಾಲೂಕಿನ ನಮ್ಮ ಊರಿನಲ್ಲಿ ಸುಗ್ಗಿ ಮುಗಿದು ಭತ್ತದ ಚೀಲಗಳು ಪೇಟೆಗೆ ಹೊರಡುವ ದಿನ ಅವರು ಬೆಳಗಿನ ಜಾವವೇ ಎದ್ದು ಮೊದಲು ಎತ್ತುಗಳ ಹತ್ತಿರ ಹೋಗುತ್ತಿದ್ದರು, ಆಮೇಲೆ ಚಕ್ಕಡಿಯ ಹತ್ತಿರ. ಎತ್ತು ಮೇವು ತಿಂದಿದೆಯೋ ಇಲ್ಲವೋ, ಹೆಗಲ ಮೇಲೆ ಹುಣ್ಣೇನಾದರೂ ಆಗಿದೆಯೋ ಎಂದು ನೋಡಿ, ಗಾಲಿಗೆ ಕೀಲೆಣ್ಣೆ ಬಿಟ್ಟು, ಅದಾದ ಮೇಲಷ್ಟೇ ಮೊದಲ ಚೀಲಕ್ಕೆ ಕೈ ಹಚ್ಚುವುದು. ಚೀಲಗಳನ್ನು ಇರಸಿನ ಮೇಲೆ ಹಿಂದೆ ಮುಂದೆ ತೂಗುವ ಹಾಗೆ ಇಡುತ್ತಿದ್ದರು. ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದೆ ಹೆಚ್ಚಾದರೆ ನೊಗ ಮೇಲಕ್ಕೆದ್ದು ಕೊರಳ ಪಟ್ಟಿ ಗಂಟಲು ಹಿಡಿಯುತ್ತದೆ. ಮುಂಭಾರ, ಹಿಂಭಾರ ಎಂಬ ಆ ಎರಡು ಮಾತುಗಳನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ.

ಒಂದು ವರ್ಷ ಅಡತಿ ಅಂಗಡಿಯ ಗುಮಾಸ್ತ ಕಣಕ್ಕೇ ಬಂದಿದ್ದ. ಚಕ್ಕಡಿ ಹೊರಡುವ ಹೊತ್ತಿಗೆ ಕಣದಲ್ಲಿ ಮೂರು ಚೀಲ ಉಳಿದಿದ್ದವು. "ಅವನೂ ಹಾಕಿಬಿಡ್ರಿ, ಮೂರು ಚೀಲಕ್ಕ ಮತ್ತ ನಾಳೆ ಬರೂದೇನು" ಎಂದ. ಅಪ್ಪ ಏನೂ ಹೇಳದೆ ಎತ್ತಿನ ಮುಖದ ಹತ್ತಿರ ಹೋಗಿ ನಿಂತರು. "ಇದನ್ನ ಕೇಳು, ಇದು ಹೂಂ ಅಂದ್ರ ಹಾಕೋಣಂತ" ಎಂದರು. ಗುಮಾಸ್ತ ನಕ್ಕ, ನಾವೂ ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ. ಮೂರು ಚೀಲ ಮರುದಿನವೇ ಹೋದವು. ದಿಬ್ಬ ಬಂದಾಗ ಅಪ್ಪ ಚಕ್ಕಡಿಯಿಂದ ಇಳಿದು ಹಿಂದೆ ನಡೆದು ಬರುತ್ತಿದ್ದರು. ತಮ್ಮ ಮೈತೂಕವೂ ಎತ್ತಿಗೆ ಲೆಕ್ಕವೇ ಎಂಬುದು ಅವರ ತಿಳಿವಳಿಕೆ.

ಇಂಥ ತಂದೆಯ ಮಗಳು ನಾನು, ಅದರ ಮೇಲೆ ಇತಿಹಾಸ ಕಲಿಸುವ ಅಕ್ಕೋರು. ಆದರೂ 2009ರ ಮೇ ತಿಂಗಳ ಕೊನೆಯಲ್ಲಿ ನಾನು ಮಾಡಿದ್ದನ್ನು ಈಗ ಬರೆಯಲೇಬೇಕು.

ಆ ವರ್ಷ ನನಗೆ ಮುಂಡಗೋಡ ತಾಲೂಕಿನಿಂದ ಅಂಕೋಲೆಯ ಕಡೆಗೆ ವರ್ಗವಾಯಿತು. ಜಿಲ್ಲೆ ಒಂದೇ, ಆದರೆ ನಡುವೆ ಘಟ್ಟ. ನಮ್ಮ ಮನೆಯವರು ಎರಡು ದಿನ ಮೊದಲೇ ಹೋಗಿ ಬಾಡಿಗೆ ಮನೆ ಹಿಡಿದು ಸುಣ್ಣ ಹೊಡೆಸುತ್ತಿದ್ದರು. ಸಾಮಾನು ತರುವ ಕೆಲಸ ನನ್ನದಾಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಲ ಮಾಡಿ ಪಿಕಪ್ ಗಾಡಿ ತೆಗೆದುಕೊಂಡಿದ್ದ. ಗೋವಿನಜೋಳ, ಶುಂಠಿ, ಮದುವೆಯ ಪಾತ್ರೆ ಏನು ಸಿಕ್ಕರೂ ಹೊಡೆಯುತ್ತಿದ್ದ. "ನಿಮ್ಮ ಸಾಮಾನ ನಾನಲ್ಲದ ಮತ್ಯಾರು ಒಯ್ಯಬೇಕ್ರಿ ಅಕ್ಕೋರೆ" ಎಂದು ತಾನೇ ಬಂದ. ಜೊತೆಗೆ ಆಳು ಒಬ್ಬ, ಮತ್ತು ಅವನ ತಮ್ಮ. ತಮ್ಮನೂ ನನ್ನ ವಿದ್ಯಾರ್ಥಿಯೇ. ಆ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಹುಡುಗ, ಓಟದಲ್ಲಿ ತಾಲೂಕಿಗೆ ಮೊದಲು ಬಂದವನು. ಮಿಲಿಟರಿಗೆ ಹೋಗುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದ. ಸಮುದ್ರ ನೋಡಿಲ್ಲ, ಅದಕ್ಕೇ ಬಂದೆ ಎಂದ.

ಗಾಡಿ ಒಂದು ಟನ್ನು ಹೊರುವಂಥದು. ಅದರ ಕಾಗದದಲ್ಲಿ ಖಾಲಿ ತೂಕ ಎಷ್ಟು, ಭರ್ತಿ ತೂಕ ಎಷ್ಟು ಎಂದು ಬರೆದಿರುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಹೇರಬಹುದಾದ ಭಾರ. ಇಷ್ಟು ಸಣ್ಣ ಲೆಕ್ಕವನ್ನು ನಾನು ಆ ದಿನ ಮಾಡಲಿಲ್ಲ. ಎಷ್ಟೋ ತಿಂಗಳ ಮೇಲೆ, ನಿದ್ದೆ ಬಾರದ ಒಂದು ರಾತ್ರಿ, ಮಕ್ಕಳ ರಫ್ ವಹಿಯ ಹಿಂದಿನ ಹಾಳೆಯಲ್ಲಿ ಮಾಡಿದೆ. ಕರಾವಳಿಯ ಕುಚ್ಚಲಕ್ಕಿ ನಮ್ಮ ಮನೆಯವರಿಗೆ ಒಗ್ಗದು ಎಂದು ನಮ್ಮಣ್ಣ ಕಳಿಸಿದ ಅಕ್ಕಿ ಹತ್ತು ಚೀಲ, ಅಂಕೋಲೆಯಲ್ಲೇ ಇದ್ದ ನಾದಿನಿಗೆಂದು ನಾಲ್ಕು, ಒಟ್ಟು 14 ಚೀಲ. ಐವತ್ತು ಕಿಲೋದಂತೆ 700 ಕಿಲೋ. ಕಬ್ಬಿಣದ ಕಪಾಟು ಎರಡು, 160. ನನ್ನ ಪುಸ್ತಕದ ಡಬ್ಬಿಗಳು 300ಕ್ಕೆ ಕಡಿಮೆ ಇರಲಾರವು. ಮಂಚ, ಮೇಜು, ಬೆಂಚು ಎಲ್ಲ ಗಟ್ಟಿ ಮರದವು, ಇನ್ನೊಂದು 300. ಒರಳುಕಲ್ಲು, ಬೀಸುವ ಕಲ್ಲು 100. ಫ್ರಿಜ್ಜು, ಪಾತ್ರೆ, ಹಂಡೆ 150. ಸಾಮಾನಿನ ಮೇಲೆ ಹತ್ತಿ ಕೂತ ಇಬ್ಬರು ಹುಡುಗರು 100. ಕೂಡಿಸಿದರೆ 1810 ಕಿಲೋ. ಒಂದು ಟನ್ನಿನ ಗಾಡಿಗೆ ಎರಡು ಟನ್ನಿಗೆ ಸ್ವಲ್ಪವೇ ಕಡಿಮೆ.

ಅಕ್ಕಿಯ ಚೀಲ ಎಂಟಾಗುವ ಹೊತ್ತಿಗೇ ಹುಡುಗ ಕೈ ನಿಲ್ಲಿಸಿದ್ದ. ಅದನ್ನು ಮರೆಸಿ ಬರೆಯುವಂತಿಲ್ಲ. "ಅಕ್ಕೋರೆ, ಎರಡು ಟ್ರಿಪ್ ಮಾಡೋಣೇನ್ರಿ?" ಎಂದು ಕೇಳಿದ. ಎರಡನೆಯ ಟ್ರಿಪ್ಪಿಗೆ ಇನ್ನೂ ಎರಡೂವರೆ ಸಾವಿರ. ನಾನು, "ಹಾಂಗ ಹೀಂಗ ಮಾಡಿ ಒಂದರಾಗ ಮುಗಿಸೋ ತಮ್ಮ" ಎಂದೆ. ಅಕ್ಕೋರು ಹೇಳಿದ ಮೇಲೆ ಮುಗಿಯಿತಲ್ಲ. ಅವನು, "ಆತು ಬಿಡ್ರಿ, ಪಾಟಾ ಜಾಸ್ತಿ ಹಾಕ್ಸೇನಿ, ಗಾಡಿ ಎಳೀತೈತಿ" ಎಂದ. ಪಾಟಾ ಎಂದರೆ ಹಿಂದಿನ ಗಾಲಿಗಳ ಮೇಲಿನ ಕಮಾನಿನ ಉಕ್ಕಿನ ಪಟ್ಟಿಗಳು. ಒಂದೆರಡು ಪಟ್ಟಿ ಹೆಚ್ಚಿಗೆ ಸೇರಿಸಿದರೆ ಗಾಡಿ ಎಷ್ಟು ಹೇರಿದರೂ ಕುಸಿದಂತೆ ಕಾಣುವುದಿಲ್ಲ. ಪಟ್ಟಿ ಹೆಚ್ಚಾಯಿತೇ ಹೊರತು ಬ್ರೇಕು ಅದೇ, ಇರಸು ಅದೇ, ಟಾಯರು ಅವೇ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ. ನನಗಂತೂ ಗೊತ್ತಿರಲಿಲ್ಲ.

ಮುಂಡಗೋಡದಿಂದ ಯಲ್ಲಾಪುರದವರೆಗೆ ಏನೂ ಆಗಲಿಲ್ಲ. "ಎಳೀತೈತಿ" ಎಂದಿದ್ದನಲ್ಲ, ಎಳೆಯಿತು. ಮುಂದಿನ ಗಾಲಿ ನೆಲ ಬಿಟ್ಟಂತೆ ತೇಲುತ್ತದೆ, ಸ್ಟಿಯರಿಂಗ್ ಹಗುರ ಆಗ್ಯದ ಎಂದು ಅವನು ಒಂದೆರಡು ಸಲ ಅಂದ. ಅಪ್ಪನಾಗಿದ್ದರೆ ಹಿಂಭಾರ ಎನ್ನುತ್ತಿದ್ದರು. ನನಗೆ ಆ ಮಾತು ಆಗ ನೆನಪಾಗಲಿಲ್ಲ. ಅರಬೈಲು ಘಟ್ಟ ಇಳಿಯತೊಡಗಿದೆವು. ಆ ವರ್ಷಗಳಲ್ಲಿ ಆ ರಸ್ತೆಯಲ್ಲಿ ಹೋದವರಿಗೆ ನೆನಪಿರಬಹುದು, ಹೊಸಪೇಟೆ, ಸಂಡೂರಿನ ಕಡೆಯಿಂದ ಅದಿರು ತುಂಬಿದ ಲಾರಿಗಳು ಬೇಲೆಕೇರಿ, ಕಾರವಾರದ ಬಂದರುಗಳಿಗೆ ಹಗಲೂ ರಾತ್ರಿ ಸಾಲುಗಟ್ಟಿ ಇಳಿಯುತ್ತಿದ್ದವು. ರಸ್ತೆ, ಗಿಡ, ಮೈಲುಗಲ್ಲು ಎಲ್ಲ ಕೆಂಪು. ನಮ್ಮ ಮುಂದೆ ಒಂದು, ಹಿಂದೆ ಒಂದು. ಮುಂದಿನದು ಆಮೆಯಂತೆ ಇಳಿಯುತ್ತಿದ್ದುದರಿಂದ ಇವನು ಕಾಲನ್ನು ಬ್ರೇಕಿನ ಮೇಲಿಂದ ತೆಗೆಯುವಂತೆಯೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. "ಏನೋ ಇದು?" ಎಂದೆ. "ಬ್ರೇಕಿನ ಲೈನರ್ ಕಾದೈತ್ರಿ" ಎಂದು ಎರಡನೆಯ ಗೇರಿಗೆ ಹಾಕಿದ. ಇನ್ನೊಂದು ತಿರುವು ದಾಟುವಷ್ಟರಲ್ಲಿ ಪೆಡಲು ನೆಲಕ್ಕೆ ಹೋಗಿ ಅಂಟಿಕೊಂಡಿತು. ಅವನು ಕೂಗಲಿಲ್ಲ. ಕೈಬ್ರೇಕು ಎಳೆದ, ಗೇರು ಇಳಿಸಿದ. ಮುಂದೆ ಅದಿರಿನ ಲಾರಿ, ಎಡಕ್ಕೆ ಕಣಿವೆ. ಒಂದೇ ಕ್ಷಣ ನೋಡಿ, ಬಲಕ್ಕೆ ಗುಡ್ಡದ ಮಣ್ಣಿಗೆ ಗಾಡಿ ಗುದ್ದಿಸಿದ. ಎದುರಿನಿಂದ ಆ ಕ್ಷಣ ಯಾವ ಗಾಡಿಯೂ ಬರದಿದ್ದುದು ನಮ್ಮ ಪುಣ್ಯ.

ಗಾಡಿ ನಿಂತಿತು, ಸಾಮಾನು ನಿಲ್ಲಲಿಲ್ಲ. ಹಗ್ಗ ಹರಿದು ಅಷ್ಟೂ ಭಾರ ಮುಂದಕ್ಕೆ ನುಗ್ಗಿತು. ಆಳು ಜಿಗಿದು ಪಾರಾದ. ತಮ್ಮ ಕಪಾಟಿನ ಸಂಗಡವೇ ಕೆಳಗೆ ಬಿದ್ದ. ಕಪಾಟು ಅವನ ಬಲಗಾಲಿನ ಪಾದದ ಮೇಲಿತ್ತು.

ಪೊಲೀಸರು ಬಂದರು. ಗಾಡಿಯ ಕಾಗದ ಕೇಳಿದರು, ಅಣ್ಣನ ಲೈಸೆನ್ಸು ಕೇಳಿದರು, ಅವನ ಮೇಲೆ ಕೇಸು ಬರೆದುಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. "ಅಕ್ಕೋರು ಹೆದರ‍್ಯಾರೆ, ಪಾಪ, ಚಾ ಕೊಡಿ" ಎಂದು ಒಬ್ಬರು ರಸ್ತೆಬದಿಯ ಅಂಗಡಿಯಿಂದ ಚಹಾ ತರಿಸಿದರು. ಕೆಂಪು ಧೂಳಿನ ಮೇಲೆ ನಮ್ಮ ಅಕ್ಕಿ ಬೆಳ್ಳಗೆ ಚೆಲ್ಲಿತ್ತು. ಅದರ ಮೇಲೇ ಲಾರಿಗಳು ಇಳಿಯುತ್ತಿದ್ದವು. ನಾನು ಆ ಚಹಾ ಕುಡಿದೆ.

ಆಮೇಲೆ ಎರಡು ಮೂರು ವರ್ಷ ನಾನು ಇದರ ಮಾತೆತ್ತಲಿಲ್ಲ. ಮಾತೆತ್ತಿಸಿದ್ದು ಒಂದು ಹಡಗು. ಮಕ್ಕಳನ್ನು ಕಾರವಾರ ಬಂದರಿಗೆ ಕರೆದುಕೊಂಡು ಹೋಗಿದ್ದೆವು. ಹಡಗಿನ ಪಕ್ಕೆಯ ಮೇಲೆ ಒಂದು ಬಿಳಿಯ ವೃತ್ತ, ಅದರ ನಡುವೆ ಹಾಯ್ದ ಅಡ್ಡಗೆರೆ, ಪಕ್ಕದಲ್ಲಿ ಏಣಿಯಂತೆ ಇನ್ನಷ್ಟು ಗೆರೆಗಳು. ಒಬ್ಬ ಹುಡುಗಿ "ಅದು ಎಂಥದ್ದು ಅಕ್ಕೋರೆ?" ಎಂದಳು. ನನಗೆ ಬರಲಿಲ್ಲ. ಬಂದರಿನ ನೌಕರರೊಬ್ಬರು ಹೇಳಿದರು: ಇದು ಭಾರದ ಗೆರೆ. ಮಾಲು ತುಂಬಿದಂತೆ ಹಡಗು ನೀರಿಗೆ ಇಳಿಯುತ್ತದೆ, ಗೆರೆ ಮುಳುಗಿತೆಂದರೆ ಹಡಗು ಬಂದರು ಬಿಡುವಂತಿಲ್ಲ. ಒಂದೇ ಗೆರೆ ಸಾಲದೇ ಎಂದರೆ ಸಾಲದು. ಉಷ್ಣವಲಯದ ಶಾಂತ ಸಮುದ್ರಕ್ಕೆ ಮೇಲಿನ ಗೆರೆ, ಬೇಸಿಗೆಗೆ ಅದಕ್ಕಿಂತ ಕೆಳಗೆ, ಚಳಿಗಾಲಕ್ಕೆ ಇನ್ನೂ ಕೆಳಗೆ. ಚಳಿಗಾಲದ ಉತ್ತರ ಅಟ್ಲಾಂಟಿಕ್ಕಿಗೆ ಎಲ್ಲಕ್ಕಿಂತ ಕೆಳಗಿನದು. ಸಿಹಿನೀರಿನಲ್ಲಿ ಹಡಗು ಹೆಚ್ಚು ಮುಳುಗುವುದರಿಂದ ಅದಕ್ಕೆ ಬೇರೆಯೇ ಗೆರೆ. ಹಡಗು ಅದೇ, ಮಾಲು ಅದೇ. ಹೋಗುವ ದಾರಿ ನೋಡಿ ಹೊರೆ.

ಮನೆಗೆ ಬಂದವಳೇ ಆ ಗೆರೆಯ ಚರಿತ್ರೆ ಹುಡುಕಿ ಓದಿದೆ. ಓದುತ್ತ ಹೋದಂತೆ ಅರಬೈಲಿನ ಆ ತಿರುವಿಗೇ ಬಂದು ನಿಂತಂತಾಯಿತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು, ಧಾನ್ಯ, ಕಬ್ಬಿಣ ಸಾಗಿಸುವ ಹಡಗುಗಳು ಮುಳುಗುವುದು ದಿನದ ಸುದ್ದಿಯಾಗಿತ್ತು. ಹಳೆಯ ಹಡಗಿಗೆ ಹೊಸ ಬಣ್ಣ ಬಳಿದು, ಅಂಚು ನೀರಿಗೆ ತಾಗುವಷ್ಟು ತುಂಬಿ, ಬೆಲೆಗಿಂತ ಹೆಚ್ಚಿಗೆ ವಿಮೆ ಮಾಡಿಸಿ ಕಳಿಸುವ ಮಾಲೀಕರಿದ್ದರು. ದಡ ಮುಟ್ಟಿದರೆ ಬಾಡಿಗೆ, ಮುಳುಗಿದರೆ ವಿಮೆ. ಮಾಲೀಕ ಎರಡೂ ಹೊತ್ತು ದಡದ ಮೇಲೆಯೇ. ಇಂಥವನ್ನು ಜನ ಶವಪೆಟ್ಟಿಗೆ ಹಡಗುಗಳು ಎಂದು ಕರೆದರು. ಕೆಲಸಕ್ಕೆ ಸಹಿ ಹಾಕಿದ ನಾವಿಕ ಹಡಗು ನೋಡಿ ಹೆದರಿ ಹತ್ತಲು ಒಪ್ಪದಿದ್ದರೆ ಕಾಯ್ದೆಯ ಪ್ರಕಾರ ಜೈಲಿಗೆ ಹೋಗಬೇಕಾಗಿತ್ತು. ಮುಳುಗುವುದೋ ಜೈಲೋ, ಆರಿಸಿಕೊ ಎಂದ ಹಾಗೆ!

ಇದರ ವಿರುದ್ಧ ನಿಂತವನು ಸ್ಯಾಮ್ಯುಯೆಲ್ ಪ್ಲಿಮ್ಸಾಲ್. 1824ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ, ಕಲ್ಲಿದ್ದಲು ವ್ಯಾಪಾರ ಮಾಡಿಕೊಂಡಿದ್ದ, 1868ರಿಂದ ಡರ್ಬಿ ಊರಿನ ಪಾರ್ಲಿಮೆಂಟ್ ಸದಸ್ಯ. ಭಾರದ ಗೆರೆಯ ವಿಚಾರ ಅವನದೇ ಅಲ್ಲ. ನ್ಯೂಕ್ಯಾಸಲ್ಲಿನ ಜೇಮ್ಸ್ ಹಾಲ್ ಎಂಬ ಹಡಗು ಮಾಲೀಕನೇ ಅದಕ್ಕಿಂತ ಮೊದಲು ಹಡಗುಗಳ ಸುರಕ್ಷತೆಗಾಗಿ ಹೋರಾಡಿದ್ದ. ಮಾಲೀಕರೆಲ್ಲ ಒಂದೇ ಎನ್ನುವವರಿಗೆ ಇದನ್ನು ಹೇಳಬೇಕು. ಆದರೆ ಹಟ ಹಿಡಿದು ಊರೂರಿಗೆ ಸುದ್ದಿ ಮುಟ್ಟಿಸಿದವನು ಪ್ಲಿಮ್ಸಾಲನೇ. 1873ರಲ್ಲಿ ನಾವಿಕರ ಪಾಡಿನ ಮೇಲೆ ಪುಸ್ತಕ ಬರೆದ. 1875ರ ಜುಲೈ 22ರಂದು ಪ್ರಧಾನಿ ಡಿಸ್ರೇಲಿ ಹಡಗುಗಳ ಮಸೂದೆಯನ್ನು ಈ ಸಲ ಕೈಬಿಡುತ್ತೇವೆ ಎಂದಾಗ ಅವನ ತಾಳ್ಮೆ ಹೋಯಿತು. ಸಭೆಯಲ್ಲೇ ಮುಷ್ಟಿ ಬಿಗಿದು ಕೆಲವು ಸದಸ್ಯರನ್ನು ಖಳರೆಂದು ಕರೆದು ಹೊರಗೆ ನಡೆದ. ವಾರದ ಮೇಲೆ ಬಂದು ಕ್ಷಮೆ ಕೇಳಿದ. ಆದರೆ ಅಷ್ಟರಲ್ಲಿ ದೇಶವೇ ಎದ್ದಿತ್ತು. ಅದೇ ವರ್ಷ ತಾತ್ಕಾಲಿಕ ಕಾಯ್ದೆ ಬಂತು, 1876ರಲ್ಲಿ ಗೆರೆ ಕಡ್ಡಾಯವಾಯಿತು.

ಇಲ್ಲೊಂದು ತಮಾಷೆ ಇದೆ. ತರಗತಿಯಲ್ಲಿ ಮಕ್ಕಳಿಗೆ ಬಹಳ ಇಷ್ಟವಾಗುವುದೂ ಇದೇ. ಗೆರೆ ಕಡ್ಡಾಯ ಎಂದಿತೇ ಹೊರತು ಅದನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಆ ಕಾಯ್ದೆ ಮಾಲೀಕನಿಗೇ ಬಿಟ್ಟಿತ್ತು. ಒಬ್ಬ ಅದನ್ನು ಹಡಗಿನ ಹೊಗೆಕೊಳವೆಯ ಮೇಲೆ ಬಳಿಸಿದ ಎಂದು ಕಥೆ ಹೇಳುತ್ತಾರೆ. ಗೆರೆ ಎಲ್ಲಿರಬೇಕು ಎಂಬುದು ಕಾಯ್ದೆಯಿಂದ ಗೊತ್ತಾದದ್ದು 1890ರಲ್ಲಿ, ಹದಿನಾಲ್ಕು ವರ್ಷಗಳ ನಂತರ. ಬ್ರಿಟಿಷ್ ಬಂದರಿಗೆ ಬರುವ ಪರದೇಶದ ಹಡಗುಗಳಿಗೂ ಅದು ಅನ್ವಯಿಸಿದ್ದು 1906ರಲ್ಲಿ, ದೇಶಗಳು ಕೂಡಿ ಒಪ್ಪಂದ ಮಾಡಿಕೊಂಡದ್ದು 1930ರಲ್ಲಿ. ಪ್ಲಿಮ್ಸಾಲ್ 1898ರಲ್ಲೇ ತೀರಿಕೊಂಡಿದ್ದ.

ದಾರಿ ನೋಡಿ ಹೊರೆ ಎಂಬುದು ಹಡಗಿನವರು ಕಂಡುಹಿಡಿದ ಮಾತೂ ಅಲ್ಲ. ನಾಲ್ಕನೆಯ ಶತಮಾನದ ರೋಮಿನ ಚಕ್ರವರ್ತಿಗಳು ಸರ್ಕಾರಿ ಟಪ್ಪೆಯ ಬಂಡಿಗಳಿಗೆ ಭಾರ ಗೊತ್ತುಮಾಡಿದ್ದರು. ನಾಲ್ಕು ಗಾಲಿಯ ಬಂಡಿಗೆ ಸಾವಿರ ರೋಮನ್ ಪೌಂಡು, ಅಂದರೆ ಸುಮಾರು 330 ಕಿಲೋ. ಅದಕ್ಕೆ ಬೇಸಿಗೆಯಲ್ಲಿ ಎಂಟು ಹೇಸರಗತ್ತೆ, ಚಳಿಗಾಲದಲ್ಲಿ ಹತ್ತು. ಮೊದಲು ಓದಿದಾಗ ಇಷ್ಟು ಸಣ್ಣ ಹೊರೆಗೆ ಎಂಟು ಪ್ರಾಣಿಯೇ ಎಂದು ನಗು ಬಂತು. ನಗುವ ಹಕ್ಕು ನನಗಿಲ್ಲ ಎಂದು ಆಮೇಲೆ ಅನ್ನಿಸಿತು.

ನಮ್ಮಲ್ಲಿ ಹೇರು ಎಂಬುದು ಕ್ರಿಯಾಪದ ಮಾತ್ರವಲ್ಲ, ಅಳತೆಯೂ ಹೌದು. ಹನ್ನೊಂದು, ಹನ್ನೆರಡನೆಯ ಶತಮಾನದ ಕನ್ನಡ ಶಾಸನಗಳಲ್ಲಿ ಸುಂಕದ ಲೆಕ್ಕ ನೋಡಿ: ಎಲೆಯ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು, ಬಂಡಿಗೆ ಇಷ್ಟು ಎಂದು ದೇವಸ್ಥಾನಕ್ಕೋ ಕೆರೆಗೋ ಬಿಟ್ಟಿರುತ್ತಾರೆ. ಹೇರು ಎಂದರೆ ಒಂದು ಎತ್ತು ಬೆನ್ನ ಮೇಲೆ ಹೊರುವಷ್ಟು. ತಕ್ಕಡಿಯಿಂದ ಹುಟ್ಟಿದ ಅಳತೆಯಲ್ಲ, ಪ್ರಾಣಿಯ ಬೆನ್ನಿನಿಂದ ಹುಟ್ಟಿದ್ದು. ಹದಿನೇಳನೆಯ ಶತಮಾನದಲ್ಲಿ ಬಂದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಹಿಂಡು ಧಾನ್ಯ, ಉಪ್ಪು ಹೊತ್ತು ಸಾಗುವುದನ್ನು ಬರೆದಿದ್ದಾನೆ. ಮುಂಡಗೋಡ, ಹಾನಗಲ್ಲಿನ ತಾಂಡಾಗಳಲ್ಲಿರುವ ನನ್ನ ಲಂಬಾಣಿ ವಿದ್ಯಾರ್ಥಿಗಳಿಗೆ ಅದು ಅವರ ಮುತ್ತಜ್ಜಂದಿರ ಕಸುಬು ಎಂದು ಹೇಳಿದಾಗ ನೆಟ್ಟಗೆ ಕೂರುತ್ತಾರೆ. ದಾರಿಯಲ್ಲಿ ಎತ್ತು ಮಲಗಿಬಿಟ್ಟರೆ ಅವರ ಬದುಕೇ ಮಲಗಿದಂತೆ. ಆದ್ದರಿಂದ ಹೇರು ಎಷ್ಟಿರಬೇಕು ಎಂದು ಯಾವ ಇನ್ಸ್‌ಪೆಕ್ಟರೂ ಅವರಿಗೆ ಹೇಳಬೇಕಾಗಿರಲಿಲ್ಲ.

ಸ್ವತಂತ್ರ ಭಾರತದಲ್ಲಿ ಅದನ್ನೂ ಬರೆದಿಟ್ಟಿದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ 1965ರಲ್ಲಿ ಮಾಡಿದ ನಿಯಮಗಳಲ್ಲಿ ದೊಡ್ಡ ಎತ್ತಿನ ಬೆನ್ನಿಗೆ 175 ಕಿಲೋ, ಕತ್ತೆಗೆ 50 ಕಿಲೋ ಎಂದಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಸಾಲು. ಕಡಿದಾದ ಏರು ಒಂದು ಕಿಲೋಮೀಟರಿನಷ್ಟಿದ್ದರೆ ಗಾಡಿಯ ಭಾರ ಅರ್ಧಕ್ಕೆ ಇಳಿಯಬೇಕು. ಎತ್ತಿಗೆ ಇರುವ ಈ ರಿಯಾಯಿತಿ ಪಿಕಪ್ಪಿಗೆ ಇಲ್ಲ. ಅದರ ಕಾಗದದ ಮೇಲಿನ ಅಂಕಿ ಬಯಲಿಗೂ ಘಟ್ಟಕ್ಕೂ ಒಂದೇ.

ಎಂಜಿನ್ನು ಬಂದ ಮೇಲೆ ಕೆಟ್ಟದ್ದು ಇದೇ ಎಂದು ನನಗೆ ತೋರುತ್ತದೆ. ಎಳೆಯುವ ಎತ್ತೇ ಇಳಿಜಾರಿನಲ್ಲಿ ತಡೆಯುವ ಎತ್ತೂ ಆಗಿತ್ತು, ಏದುಸಿರು ಬಿಟ್ಟು, ಕಣ್ಣು ಮೇಲೆ ಮಾಡಿ, ಕೊನೆಗೆ ಕೂತುಬಿಟ್ಟು ಅದು ತನ್ನ ಲೆಕ್ಕ ತಾನೇ ಹೇಳುತ್ತಿತ್ತು. ಗಾಡಿಯಲ್ಲಿ ಎಳೆಯುವುದು ಒಂದು, ತಡೆಯುವುದು ಇನ್ನೊಂದು. ಎರಡು ಪಟ್ಟು ಭಾರ ಅದೇ ಘಟ್ಟ ಇಳಿದರೆ ತಡೆಯಲು ಹುಟ್ಟುವ ಶಾಖವೂ ಎರಡು ಪಟ್ಟು. ಬ್ರೇಕಿನ ಎಣ್ಣೆ ಕುದಿದು ಆವಿಯಾದರೆ ಪೆಡಲಿಗೆ ಒತ್ತಲು ಏನೂ ಸಿಗುವುದಿಲ್ಲ. ಅಲ್ಲಿಯವರೆಗೆ ಗಾಡಿ ಬಾಯಿ ಬಿಡುವುದಿಲ್ಲ. ವಾಸನೆ ಬಂದಿತ್ತು ನಿಜ, ನಾವು ಅದರ ಭಾಷೆ ಕಲಿತಿರಲಿಲ್ಲ.

ಪಿಕಪ್ಪಿನ ಹುಟ್ಟೂ ರೈತನ ಮನೆಯದೇ. ಅಮೆರಿಕದಲ್ಲಿ ರೈತರು ಕಾರಿನ ಹಿಂಭಾಗ ಕಿತ್ತು ತಾವೇ ಪೆಟ್ಟಿಗೆ ಕೂರಿಸಿಕೊಳ್ಳುತ್ತಿದ್ದುದನ್ನು ಕಂಡು ಫೋರ್ಡ್ ಕಂಪನಿ 1925ರಲ್ಲಿ ಕಾರ್ಖಾನೆಯಲ್ಲೇ ಅಂಥದನ್ನು ಮಾಡಿ 281 ಡಾಲರಿಗೆ ಮಾರಿತು. ಇಪ್ಪತ್ತು ಅಶ್ವಶಕ್ತಿಯ ಗಾಡಿ. ನಮ್ಮಲ್ಲಿ ಸಣ್ಣ ಸರಕು ಗಾಡಿ ಓಣಿ ಓಣಿಗೆ ಬಂದದ್ದು ಟಾಟಾ ಏಸ್‌ನಿಂದ, 2005ರ ಮೇ ತಿಂಗಳಲ್ಲಿ. ಅದು ಮುಕ್ಕಾಲು ಟನ್ನಿನದು. ಅದನ್ನು ಜನ ಚೋಟಾ ಹಾಥಿ ಎಂದು ಕರೆದರು. ಆನೆ ಎಂದ ಮೇಲೆ ಆನೆಯಷ್ಟೇ ಹೇರಿದರು. ಒಬ್ಬ ಹುಡುಗನಿಗೆ ಕೂಲಿ ಬಿಟ್ಟು ಸ್ವಂತ ಗಾಡಿಯ ಮಾಲೀಕನಾಗುವ ದಾರಿ ಇಂಥ ಗಾಡಿಗಳಿಂದ ತೆರೆಯಿತು, ಅದನ್ನು ಸಣ್ಣ ಮಾತೆಂದು ನಾನು ಹೇಳಲಾರೆ. ಆದರೆ ತಿಂಗಳ ಕಂತು ಟನ್ನಿನ ಲೆಕ್ಕ ಕೇಳುವುದಿಲ್ಲ, ಬಾಡಿಗೆ ಕೊಡುವವರು ಟ್ರಿಪ್ಪಿನ ಲೆಕ್ಕ ಬಿಟ್ಟು ಬೇರೆ ಕೇಳುವುದಿಲ್ಲ.

ಅದೇ 2005ರ ನವೆಂಬರ್ 9ರಂದು ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪು ಬಂತು. ಅದಕ್ಕೆ ಮೊದಲು ಕೆಲವು ರಾಜ್ಯಗಳಲ್ಲಿ ಗೋಲ್ಡ್ ಕಾರ್ಡ್ ಎಂಬ ಪದ್ಧತಿ ಇತ್ತು. ಮೊದಲೇ ಹಣ ಕಟ್ಟಿ ಕಾರ್ಡು ಪಡೆದರೆ ಹೆಚ್ಚು ಭಾರ ಹೇರಿ ಓಡಾಡಬಹುದು. ನ್ಯಾಯಾಲಯ ಇದು ಕೂಡದು ಎಂದಿತು. ದಂಡ ಕಟ್ಟಿದ ಮಾತ್ರಕ್ಕೆ ಆಗಲಿಲ್ಲ, ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಿಯೇ ಗಾಡಿ ಮುಂದೆ ಹೋಗಬೇಕು. ತೀರ್ಪು ಬಂದ ಮೇಲೂ ನಮ್ಮ ಘಟ್ಟದಲ್ಲಿ ಅದಿರಿನ ಲಾರಿಗಳು ಹೇಗೆ ಇಳಿದವು ಎಂಬುದನ್ನು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆ ಅವರ 2008 ಮತ್ತು 2011ರ ಗಣಿ ವರದಿಗಳಲ್ಲಿ ಓದಬಹುದು. ಅಕ್ರಮ ಗಣಿಗಾರಿಕೆಯ ಜೊತೆಗೆ ಅತಿಭಾರದ ಸಾಗಣೆಯನ್ನೂ ಅವರು ಎತ್ತಿ ಹೇಳಿದ್ದಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ಭಾರದ ಲಾರಿಗಳನ್ನು ಓಡಿಸಿ ರಸ್ತೆ ಹೇಗೆ ಸವೆಯುತ್ತದೆ ಎಂದು ಪರೀಕ್ಷಿಸಿದ್ದರು. ಒಂದು ಇರಸಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಹೆಚ್ಚುಕಡಿಮೆ ಹದಿನಾರು ಪಟ್ಟು ಎಂದು ಕಂಡುಬಂತು. ಆ ವರ್ಷಗಳಲ್ಲಿ ಯಲ್ಲಾಪುರದಿಂದ ಅಂಕೋಲೆಗೆ ಬಸ್ಸಿನಲ್ಲಿ ಬಂದವರಿಗೆ ಈ ಪರೀಕ್ಷೆಯ ಸಾಕ್ಷಿ ಬೇಕಾಗಿಲ್ಲ, ಸೊಂಟವೇ ಹೇಳುತ್ತದೆ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು, 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಮಳೆ ಬಂದು ಗಿಡಗಳು ಮತ್ತೆ ಹಸಿರಾದವು.

2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ದೊಡ್ಡ ಸರಕು ವಾಹನಗಳ ಇರಸಿನ ಭಾರದ ಮಿತಿಯನ್ನೇ ಏರಿಸಿತು, ನಾಲ್ಕು ಟಾಯರಿನ ಒಂಟಿ ಇರಸಿಗೆ 10.2 ಟನ್ನು ಇದ್ದದ್ದು 11.5 ಆಯಿತು. ಈಗಿನ ಲಾರಿಗಳು ಗಟ್ಟಿ, ರಸ್ತೆಗಳೂ ಗಟ್ಟಿ ಎಂಬ ವಾದ ಸುಳ್ಳಲ್ಲದಿರಬಹುದು. ನನಗೆ ಮಾತ್ರ ಹೊಗೆಕೊಳವೆಯ ಗೆರೆ ನೆನಪಾಯಿತು.

ಮೋಟಾರು ವಾಹನ ಕಾಯ್ದೆಯನ್ನು ನಾನು ಪೂರ್ತಿ ಓದಿದವಳಲ್ಲ. 1988ರ ಆ ಕಾಯ್ದೆಯ 113 ಮತ್ತು 194ನೆಯ ಕಲಮುಗಳನ್ನು ಮಾತ್ರ, ವಕೀಲರಾಗಿರುವ ನನ್ನ ಸಹಪಾಠಿಯೊಬ್ಬರಿಂದ ತರಿಸಿಕೊಂಡು ಓದಿದೆ. ಅತಿಭಾರದ ದಂಡ 2019ರ ತಿದ್ದುಪಡಿಯಲ್ಲಿ ಎರಡು ಸಾವಿರದಿಂದ ಇಪ್ಪತ್ತು ಸಾವಿರಕ್ಕೆ ಏರಿದೆ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ ಎರಡು ಸಾವಿರ. ನಾನು ಹುಡುಕುತ್ತಿದ್ದುದು ದಂಡವನ್ನಲ್ಲ, ಯಾರಿಗೆ ಎಂಬುದನ್ನು. ಓಡಿಸಿದವನು ಎಂದಷ್ಟೇ ಅಲ್ಲಿಲ್ಲ. ಓಡಿಸಿದವನು, ಓಡಿಸುವಂತೆ ಮಾಡಿದವನು, ಓಡಿಸಲು ಬಿಟ್ಟವನು ಎಂದು ಮೂವರೂ ಇದ್ದಾರೆ. ಆ ದಿನವೂ ಕಾಯ್ದೆಯಲ್ಲಿ ಈ ಮಾತು ಇತ್ತು. ಹಾಗೆ ಮಾಡಿದವಳು ರಸ್ತೆಬದಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದಳು, ಕೇಳುವವರಿರಲಿಲ್ಲ. ಅಣ್ಣ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. "ಅಕ್ಕೋರು ಹೇಳಿದರು" ಎಂದು ಒಂದು ಮಾತು ಎಲ್ಲಿಯೂ ಆಡಲಿಲ್ಲ. ಆಸ್ಪತ್ರೆಯ ಖರ್ಚಿಗೆ ನಾವು ಕೊಟ್ಟೆವು, ಎರಡನೆಯ ಟ್ರಿಪ್ಪಿನ ಬಾಡಿಗೆಯ ಎಷ್ಟೋ ಪಟ್ಟು. ಕೊಟ್ಟೆವು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ತಮ್ಮನ ಪಾದದ ಎಲುಬುಗಳು ಕೂಡಿದವು, ಆದರೆ ಹಿಮ್ಮಡಿ ನೇರವಾಗಲಿಲ್ಲ. ಮಿಲಿಟರಿಯ ಮಾತು ಅಲ್ಲಿಗೇ ನಿಂತಿತು. ಐಟಿಐ ಮಾಡಿ ಈಗ ಮುಂಡಗೋಡದಲ್ಲಿ ಮೋಟಾರು ಪಂಪಿನ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಅಣ್ಣ ಆ ಗಾಡಿ ಮಾರಿ ಬೇರೆ ಗಾಡಿಯ ಮೇಲೆ ಡ್ರೈವರಾಗಿದ್ದಾನೆ.

ಹೋದ ವರ್ಷ ತಮ್ಮ ತಂಗಿಯ ಮದುವೆಯ ಕರೆಯೋಲೆ ಹಿಡಿದುಕೊಂಡು ಅಂಕೋಲೆಯ ನಮ್ಮ ಮನೆಗೆ ಬಂದಿದ್ದ. ಬಸ್ಸಿಳಿದು ಮೊದಲು ಸಮುದ್ರ ನೋಡಿ ಬಂದೆ ಎಂದ. ನಮ್ಮ ಮನೆಯ ಮೆಟ್ಟಿಲು ನಾಲ್ಕೇ, ಎಡಗಾಲು ಮೊದಲಿಟ್ಟು ಒಂದೊಂದೇ ಹತ್ತಿದ. ಊಟಕ್ಕೆ ಕೂರಿಸಿದೆ. ಉಣ್ಣುತ್ತ ಒಳಕೋಣೆಯ ಕಡೆ ಕತ್ತು ಚಾಚಿ ನೋಡಿ, "ಅಕ್ಕೋರೆ, ಆ ಕಪಾಟು ಇನ್ನೂ ಐತೇನ್ರಿ?" ಎಂದ.

"ಐತಿ" ಎಂದೆ.

ಎದ್ದು ಹೋಗಿ ನೋಡಿದ. ಕೆಳಗಿನ ಮೂಲೆ ನೆಗ್ಗಿ, ಬಾಗಿಲು ಪೂರ್ತಿ ಮುಚ್ಚಿಕೊಳ್ಳದೆ ನನ್ನ ಪುಸ್ತಕಗಳು ಕಾಣುತ್ತವೆ. ನೆಗ್ಗಿದ ಕಡೆ ಕೈಯಾಡಿಸಿ, "ಇದನ್ನ ಬಡಿದು ನೆಟ್ಟಗ ಮಾಡಬಹುದ್ರಿ, ಮುಂದಿನ ಸಲ ಬಂದಾಗ ಸುತ್ತಿಗಿ ತರತೇನಿ" ಎಂದು ಬಂದು ಮತ್ತೆ ಉಣ್ಣಲು ಕೂತ. ನಾನು ಇನ್ನೊಂದು ಸೌಟು ಅನ್ನ ಬಡಿಸಲು ಹೋದೆ. ಎಲೆಗೆ ಕೈ ಅಡ್ಡ ಹಿಡಿದು "ಸಾಕ್ರಿ ಅಕ್ಕೋರೆ" ಎಂದ.